ಒಂದೇ ಹಿತ್ತಿಲಲ್ಲಿ ಬ್ಯಾಂಟಮ್ ಮತ್ತು ಗಿರಿರಾಜ

ಹಿತ್ತಿಲಲ್ಲಿ ಗಿರಿರಾಜವನ್ನೋ ನಾಟಿ ಕೋಳಿಗಳನ್ನೋ ಸಾಕಿಕೊಂಡಿರುವವರು ಬ್ಯಾಂಟಮ್ ಎಂಬ ಚಿಕ್ಕ ಗಾತ್ರದ ಕೋಳಿಗಳನ್ನು ನಾಲ್ಕಾರು ತರಬೇಕೆಂದು ಯೋಚಿಸಿದಾಗ ಮೊದಲು ಕೇಳುವ ಪ್ರಶ್ನೆ, ದೊಡ್ಡವು ಚಿಕ್ಕವನ್ನು ಕುಕ್ಕಿ ಕೊಂದುಬಿಡುವುದಿಲ್ಲವೇ ಎಂಬುದು. ನಾಲ್ಕು ಕೆ.ಜಿ. ಮುಟ್ಟುವ ಹುಂಜದ ಪಕ್ಕದಲ್ಲಿ ಅರ್ಧ ಕೆ.ಜಿ. ಚಿಲ್ಲರೆಯ ಹೇಂಟೆ ನಿಂತಿರುವುದನ್ನು ಕಂಡವರಿಗೆ ಈ ಭಯ ಬರುವುದು ಸಹಜ. ಎರಡೂ ಬಗೆಯ ಕೋಳಿಗಳನ್ನು ಒಟ್ಟಿಗೆ ಸಾಕುತ್ತಾ ಬಂದಿರುವ ನನಗೆ ಅನ್ನಿಸುವುದೆಂದರೆ, ಬ್ಯಾಂಟಮ್‌ಗಳ ಜೀವಕ್ಕೆ ಕುತ್ತು ತರುವುದು ತೂಕದ ಅಂತರವಲ್ಲ. ತಪ್ಪಿಸಿಕೊಳ್ಳಲು ಜಾಗವಿಲ್ಲದ ಒಡ್ಡಿ (ಕೋಳಿಗೂಡು), ಹೊಂದದ ಹುಂಜ ಮತ್ತು ಒಗ್ಗದ ತಳಿಯ ಆಯ್ಕೆ, ಈ ಮೂರೇ. ಇವನ್ನು ಸರಿಪಡಿಸಿಕೊಂಡರೆ ಎರಡೂ ಬಗೆಯವು ಒಂದೇ ಅಂಗಳದಲ್ಲಿ ಕೆದಕಿಕೊಂಡು ಇರುತ್ತವೆ. ಅಷ್ಟೇ ಅಲ್ಲ, ದೊಡ್ಡ ಕೋಳಿ ತಾನಾಗಿ ಮಾಡದ ಒಂದು ಕೆಲಸವನ್ನು ಚಿಕ್ಕ ಕೋಳಿ ಅದಕ್ಕಾಗಿ ಮಾಡಿಕೊಡುತ್ತದೆ. ಅದನ್ನು ಮುಂದೆ ವಿವರವಾಗಿ ಬರೆಯುತ್ತೇನೆ.

ನಮ್ಮಲ್ಲಿರುವುದು ಗಿರಿರಾಜ, ಒಂದಿಷ್ಟು ನಾಟಿ ಹೇಂಟೆಗಳು, ಇವುಗಳ ಜೊತೆಗೆ ಬ್ಯಾಂಟಮ್ ತಳಿಗಳಾದ ಗಿಡ್ಡ ಕಾಲಿನ ಜಪಾನಿ ಚಾಬೊ ಮತ್ತು ಬಿಳಿ ಸಿಲ್ಕಿ. ಗಿರಿರಾಜವು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕುಕ್ಕುಟ ವಿಜ್ಞಾನ ವಿಭಾಗದಲ್ಲಿ ಹಿತ್ತಿಲ ಸಾಕಣೆಗೆಂದೇ ಅಭಿವೃದ್ಧಿಪಡಿಸಿದ ಕೋಳಿ. ಅನಂತರ 2005ರಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಅದೇ ಉದ್ದೇಶಕ್ಕೆ ಸ್ವರ್ಣಧಾರಾವನ್ನು ಬಿಡುಗಡೆ ಮಾಡಿತು. ಗಿರಿರಾಜ ಹೇಂಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡಬಲ್ಲದು, ಒಂದೊಂದೂ 50 ಗ್ರಾಂ ಮೇಲೆಯೇ ತೂಗುತ್ತದೆ. ಬ್ಯಾಂಟಮ್‌ನ ಮೊಟ್ಟೆ 30ರಿಂದ 40 ಗ್ರಾಂ, ಅದೂ ನಡುವೆ ನಡುವೆ ಕಾವಿಗೆ ಕೂತು ಇಡುವುದನ್ನು ನಿಲ್ಲಿಸಿಬಿಡುವುದರಿಂದ ಲೆಕ್ಕ ಇನ್ನೂ ಕಡಿಮೆಯಾಗುತ್ತದೆ. ಹಾಗಾಗಿ ಮೊಟ್ಟೆಗಾಗಿ ಬ್ಯಾಂಟಮ್ ಸಾಕುತ್ತೇನೆ ಎನ್ನುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಬ್ಯಾಂಟಮ್ ಎಂದರೆ ಕುಗ್ಗಿಸಿದ ಕೋಳಿ ಎಂದು ಹಲವರು ತಿಳಿದಿದ್ದಾರೆ. ಕೆಲವು ತಳಿಗಳ ಮಟ್ಟಿಗೆ ಅದು ನಿಜ. ದೊಡ್ಡ ತಳಿಯನ್ನೇ ಆಯ್ದು ಆಯ್ದು ಚಿಕ್ಕದು ಮಾಡಿದ ಬ್ಯಾಂಟಮ್‌ಗಳಿವೆ. ಚಾಬೊ, ಇಂಗ್ಲೆಂಡಿನ ಸೀಬ್ರೈಟ್, ಮಲೇಷ್ಯಾದ ಸೆರಾಮ ಮುಂತಾದವುಗಳಿಗೆ ಮಾತ್ರ ದೊಡ್ಡ ರೂಪವೇ ಇಲ್ಲ. ಅಲ್ಲದೆ ಸಾಕುಕೋಳಿಗಳ ಮೂಲವಾದ ಕೆಂಪು ಕಾಡುಕೋಳಿಯ ಹೇಂಟೆ ತೂಗುವುದೇ ಒಂದು ಕೆ.ಜಿ.ಯೊಳಗೆ; ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯೂ ಹೆಚ್ಚುಕಡಿಮೆ ಅಷ್ಟೇ. ಆ ದೃಷ್ಟಿಯಿಂದ ನೋಡಿದರೆ ಮೂಲದ ಗಾತ್ರಕ್ಕೆ ಹತ್ತಿರವಿರುವುದು ಬ್ಯಾಂಟಮ್, ಮನುಷ್ಯನ ಕೈಯಲ್ಲಿ ಬೆಳೆದು ದಪ್ಪಗಾದದ್ದು ಗಿರಿರಾಜ. ಹಾರುವ ಶಕ್ತಿ, ಎಚ್ಚರ, ಮರಿಗಳ ಮೇಲಿನ ಕಾಳಜಿ ಇವೆಲ್ಲ ಅನೇಕ ಚಿಕ್ಕ ತಳಿಗಳಲ್ಲಿ ಹೆಚ್ಚು ಉಳಿದುಕೊಂಡಿರುವುದನ್ನು ಒಟ್ಟಿಗೆ ಸಾಕಿದವರು ದಿನವೂ ನೋಡುತ್ತಾರೆ.

ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಶ್ರೇಣಿ ಇರುತ್ತದೆ ಎಂಬುದನ್ನು ನಾರ್ವೆಯ ಥಾರ್ಲೀಫ್ ಶೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಬರೆದು ತೋರಿಸಿದರು. ಆ ಶ್ರೇಣಿಯನ್ನು ತೀರ್ಮಾನಿಸುವುದು ತೂಕವೊಂದೇ ಅಲ್ಲ. ವಯಸ್ಸು, ಮೊದಲು ಆ ಜಾಗದಲ್ಲಿ ಯಾರಿದ್ದರು ಎಂಬುದು, ಮತ್ತು ಸ್ವಭಾವ, ಇವೂ ಅಷ್ಟೇ ಮುಖ್ಯ. ನಮ್ಮ ಹಿತ್ತಿಲಲ್ಲಿ ಒಂದು ಹಳೆಯ ಚಾಬೊ ಹೇಂಟೆ ಇದೆ. ನುಚ್ಚು ಚೆಲ್ಲಿದ ತಕ್ಷಣ ಗಿರಿರಾಜ ಹೇಂಟೆಗಳು ಓಡಿಬಂದರೂ, ಅದು ಬಾಲವನ್ನು ನೆಟ್ಟಗೆ ಎತ್ತಿ, ಕತ್ತು ಮುಂದೆ ಚಾಚಿ ಒಂದು ಹೆಜ್ಜೆ ಇಟ್ಟರೆ ತನ್ನ ನಾಲ್ಕು ಪಟ್ಟು ತೂಕದವು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಅದು ಮರಿಯಾಗಿದ್ದಾಗಿನಿಂದ ಅಲ್ಲೇ ಇದೆ, ಅವು ಆಮೇಲೆ ಬಂದವು. ಆದ್ದರಿಂದ ಬ್ಯಾಂಟಮ್‌ಗಳನ್ನು ಮೊದಲು ಸಾಕಿ, ಅವು ಜಾಗಕ್ಕೆ ಒಗ್ಗಿದ ಮೇಲೆ ದೊಡ್ಡ ತಳಿಯ ಎಳೆಯವನ್ನು ತರಲು ಸಾಧ್ಯವಿದ್ದರೆ ಅದೇ ಉತ್ತಮ ಕ್ರಮ. ಈಗಾಗಲೇ ದೊಡ್ಡವು ಇದ್ದರೆ ಹೊಸ ಬ್ಯಾಂಟಮ್‌ಗಳನ್ನು ಒಂಟಿಯಾಗಿ ಬಿಡದೆ, ಕನಿಷ್ಠ ಮೂರನ್ನಾದರೂ ಒಟ್ಟಿಗೆ ಬಿಡಬೇಕು. ಒಂಟಿ ಕೋಳಿಯ ಮೇಲೆ ಇಡೀ ಗುಂಪಿನ ಕಣ್ಣು ಬೀಳುತ್ತದೆ.

ಹೊರಗಿನಿಂದ ತಂದ ಕೋಳಿಯನ್ನು ಮೂರರಿಂದ ನಾಲ್ಕು ವಾರ ಬೇರೆಯೇ ಇಡಬೇಕು. ಇದು ಜಗಳಕ್ಕಿಂತ ಹೆಚ್ಚಾಗಿ ರೋಗದ ಕಾರಣಕ್ಕೆ. ಸಂತೆಯಿಂದಲೋ, ಪೇಟೆಯ ಸಾಕುಪ್ರಾಣಿ ಅಂಗಡಿಯಿಂದಲೋ ಬಂದ ಬ್ಯಾಂಟಮ್ ನೋಡಲು ಚುರುಕಾಗಿದ್ದರೂ ಕೊಕ್ಕರೆ ರೋಗವನ್ನು ಹೊತ್ತು ತಂದಿರಬಹುದು, ಮತ್ತು ರಾಣಿಖೇತ್ ಎಂದೂ ಕರೆಯುವ ಆ ರೋಗ ಹೊಕ್ಕರೆ ಚಿಕ್ಕದು ದೊಡ್ಡದು ಎನ್ನದೆ ಹಿತ್ತಿಲು ಖಾಲಿಯಾಗುತ್ತದೆ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಈ ರೋಗ ಬಾರದಂತೆ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹಾಕುವ ಲಸೋಟ ಲಸಿಕೆಯ ಹನಿ ಬ್ಯಾಂಟಮ್ ಮರಿಗೂ ಒಂದೇ, ಗಿರಿರಾಜ ಮರಿಗೂ ಒಂದೇ. ಚಿಕ್ಕದೆಂದು ಅರ್ಧ ಹನಿ ಹಾಕುವ ಪ್ರಶ್ನೆಯಿಲ್ಲ. ಜಂತುಹುಳುವಿನ ಔಷಧಿ ಹಾಗಲ್ಲ. ಅದನ್ನು ದೇಹದ ತೂಕದ ಲೆಕ್ಕದಲ್ಲೇ ಕೊಡಬೇಕಾದ್ದರಿಂದ, ಎಲ್ಲಕ್ಕೂ ಸೇರಿಸಿ ಕುಡಿಯುವ ನೀರಿನಲ್ಲಿ ಬೆರೆಸುವ ಬದಲು ಬ್ಯಾಂಟಮ್‌ಗಳನ್ನು ತೂಕ ಮಾಡಿ, ಪಶುವೈದ್ಯರನ್ನು ಕೇಳಿ, ಬಾಯಿಗೇ ಹಾಕುವುದು ಒಳ್ಳೆಯದು. ಸಿಲ್ಕಿ ಮತ್ತು ಸೀಬ್ರೈಟ್ ಸಾಕುವವರು ಕಾಲು, ರೆಕ್ಕೆಗಳ ಸ್ವಾಧೀನ ತಪ್ಪಿಸುವ ಮಾರೆಕ್ಸ್ ಎಂಬ ವೈರಸ್ ರೋಗದ ಬಗ್ಗೆಯೂ ಎಚ್ಚರವಾಗಿರಬೇಕು, ಏಕೆಂದರೆ ಆ ತಳಿಗಳು ಅದಕ್ಕೆ ಬೇಗ ತುತ್ತಾಗುತ್ತವೆ. ಅದರ ಲಸಿಕೆಯನ್ನು ಮರಿ ಒಡೆದ ದಿನವೇ ಹಾಕಿಸಬೇಕಾಗುತ್ತದೆ.

ಬೇರೆ ಇಟ್ಟ ಅವಧಿ ಮುಗಿದ ಮೇಲೆ ಅಂಗಳದಲ್ಲೇ ಜಾಲರಿಯ ಪಂಜರದೊಳಗೆ ಹೊಸ ಕೋಳಿಗಳನ್ನು ಕೂಡಿ, ಹಳೆಯವು ಸುತ್ತ ಓಡಾಡಲು ಬಿಟ್ಟರೆ, ಒಂದನ್ನೊಂದು ನೋಡಿ ನೋಡಿ ಅಭ್ಯಾಸವಾಗುತ್ತದೆ. ಒಂದೆರಡು ವಾರದಲ್ಲಿ ಜಾಲರಿಯ ಮೇಲೆ ಹಾರಿ ಕುಕ್ಕುವುದು ನಿಂತು, ಎರಡೂ ಕಡೆಯವು ತಮ್ಮ ಪಾಡಿಗೆ ಕೆದಕಲು ತೊಡಗಿದವೆಂದರೆ ಬಾಗಿಲು ತೆರೆಯಬಹುದು.

ಇನ್ನು ಒಡ್ಡಿಯ ವಿಷಯ. ದೊಡ್ಡ ಕೋಳಿಯ ಅಳತೆಗೆ ಕಟ್ಟಿದ ಒಡ್ಡಿಯಲ್ಲಿ ಬ್ಯಾಂಟಮ್ ಇರಬಲ್ಲದು ಎಂದುಕೊಳ್ಳುವುದು ಅರ್ಧ ಸತ್ಯ. ಬ್ಯಾಂಟಮ್‌ಗೆ ಬೇಕಾದದ್ದು ನೆಲದ ಅಗಲಕ್ಕಿಂತ ಹೆಚ್ಚಾಗಿ ಓಡಿಹೋಗುವ ದಾರಿ. ಒಂದೇ ಬಾಗಿಲಿನ, ನಾಲ್ಕು ಮೂಲೆಗಳ ಖಾಲಿ ಕೋಣೆಯಲ್ಲಿ ಅಟ್ಟಿಸಿಕೊಂಡ ಕೋಳಿ ಕೊನೆಗೆ ಮೂಲೆಯಲ್ಲಿ ಸಿಕ್ಕಿಬೀಳುತ್ತದೆ, ಮತ್ತು ಗಾಯಗಳೆಲ್ಲ ಆಗುವುದು ಆ ಮೂಲೆಯಲ್ಲೇ. ಬೆಳಿಗ್ಗೆ ಬೇಗ ಬಾಗಿಲು ತೆಗೆಯುವುದು, ಅಂಗಳದಲ್ಲಿ ಅಲ್ಲಲ್ಲಿ ಸೌದೆ ರಾಶಿ, ತಗ್ಗಾದ ಗಿಡಗಳ ಪೊದೆ, ಮಗುಚಿಟ್ಟ ಹಳೆಯ ಮಂಕರಿ ಇವುಗಳಿರುವಂತೆ ನೋಡಿಕೊಳ್ಳುವುದು, ಇಷ್ಟರಿಂದಲೇ ಅರ್ಧ ಜಗಳ ಕಡಿಮೆಯಾಗುತ್ತದೆ. ಅಟ್ಟಿಕೊಂಡು ಬಂದ ಕೋಳಿಗೆ ಎದುರಾಳಿ ಕಣ್ಣಿನಿಂದ ಮರೆಯಾದರೆ ಸಾಕು, ಅದು ಮರುಕ್ಷಣವೇ ಮರೆತು ನೆಲ ಕೆದಕಲು ತೊಡಗುತ್ತದೆ.

ಮೇವಿಗೂ ಇದೇ ಯುಕ್ತಿಯನ್ನು ಬಳಸಬಹುದು. ಮೆಕ್ಕೆಜೋಳದ ನುಚ್ಚು, ತೌಡು, ಕಡಲೆಕಾಯಿ ಹಿಂಡಿ ಬೆರೆಸಿದ ಮೇವನ್ನು ಒಂದೇ ತೊಟ್ಟಿಯಲ್ಲಿಟ್ಟರೆ ದೊಡ್ಡವು ಸುತ್ತುಗಟ್ಟಿ ನಿಲ್ಲುತ್ತವೆ. ನಾವು ಬಿದಿರಿನ ಅಡ್ಡಪಟ್ಟಿ ಹೊಡೆದು, ಕೆಳಗೆ ಸುಮಾರು ಐದಾರು ಅಂಗುಲದ ಸಂದು ಮಾತ್ರ ಬಿಟ್ಟ ತಗ್ಗಾದ ಪೆಟ್ಟಿಗೆಯೊಂದನ್ನು ಮಾಡಿ, ಅದರ ಒಳಗೆ ಬ್ಯಾಂಟಮ್‌ಗಳ ತಟ್ಟೆಯನ್ನು ಇಟ್ಟಿದ್ದೇವೆ. ಚಾಬೊಗಳು ಸುಲಭವಾಗಿ ಒಳಗೆ ನಡೆದುಹೋಗುತ್ತವೆ. ಗಿರಿರಾಜ ಕತ್ತು ತೂರಿಸಿ, ಎದೆ ಸಿಕ್ಕಿಕೊಂಡು, ಒಂದು ಕ್ಷಣ ನೋಡಿ ಹಿಂದಕ್ಕೆ ಸರಿಯುತ್ತದೆ. ದೊಡ್ಡ ಹೇಂಟೆ ದಿನಕ್ಕೆ ನೂರು ಗ್ರಾಂಗೂ ಮಿಕ್ಕಿ ಮೇವು ತಿನ್ನುತ್ತದೆ, ಬ್ಯಾಂಟಮ್‌ಗೆ ಅದರ ಅರ್ಧ ಸಾಕು. ಮೊಟ್ಟೆ ಇಡುವ ಕಾಲದಲ್ಲಿ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಟ್ಟರೆ ಎರಡೂ ತಮಗೆ ಬೇಕಾದಷ್ಟನ್ನೇ ತಿನ್ನುತ್ತವೆ.

ರಾತ್ರಿ ಕೂರುವ ಗಳಗಳನ್ನು ಎರಡು ಮಟ್ಟದಲ್ಲಿ ಹಾಕಬೇಕು. ಹಾರಬಲ್ಲ ಬ್ಯಾಂಟಮ್‌ಗಳು ಎಲ್ಲಕ್ಕಿಂತ ಎತ್ತರವನ್ನೇ ಹುಡುಕುತ್ತವೆ. ಭಾರದ ಕೋಳಿಗಳು ಎತ್ತರದಿಂದ ಧುಮುಕಿದರೆ ಪಾದದ ಅಡಿಯಲ್ಲಿ ಏಟಾಗಿ, ಅದು ಕೀವುಗಟ್ಟಿ ಗಂಟಾಗುವ ತೊಂದರೆ ಇದೆಯಾದ್ದರಿಂದ, ಅವುಗಳ ಗಳ ನೆಲದಿಂದ ಒಂದೂವರೆ ಅಡಿಯೊಳಗೆ ಇದ್ದರೆ ಒಳ್ಳೆಯದು. ಮೇಲಿನ ಗಳ ಕೆಳಗಿನದರ ನೇರಕ್ಕೆ ಬರಬಾರದು; ಹಾಗೆ ಬಂದರೆ ಬೆಳಗಾಗುವಷ್ಟರಲ್ಲಿ ಕೆಳಗಿನವುಗಳ ಬೆನ್ನೆಲ್ಲ ಹಿಕ್ಕೆಯಾಗಿರುತ್ತದೆ. ಸಿಲ್ಕಿಗಳು ಹಾರಲಾರವು, ಮೂಲೆಯಲ್ಲಿ ನೆಲದ ಮೇಲೆಯೇ ಒತ್ತೊತ್ತಾಗಿ ಮಲಗುತ್ತವೆ. ಅವುಗಳಿಗೆ ಒಣ ಹುಲ್ಲು ಹಾಸಿದ ತಗ್ಗು ಪೆಟ್ಟಿಗೆಯೇ ಸರಿ.

ತಳಿಯ ಆಯ್ಕೆಯ ಮಾತಿಗೆ ಬಂದರೆ, ಸಿಲ್ಕಿಯ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಕೂದಲಿನಂಥ ಪುಕ್ಕ, ಐದು ಬೆರಳು, ಕಪ್ಪು ಚರ್ಮ ಇವುಗಳಿಂದ ಮಕ್ಕಳಿಗೆ ಅದು ಬಹಳ ಪ್ರಿಯ. ಮಧ್ಯಪ್ರದೇಶದ ಕಡಕ್‌ನಾಥ್‌ನ ಚರ್ಮ, ಮಾಂಸ ಕಪ್ಪಾಗಿರುವುದಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯೇ ಸಿಲ್ಕಿಯಲ್ಲೂ ಇದೆ. ಆದರೆ ಈ ಹೋಲಿಕೆಯನ್ನು ನೋಡಿ ಎರಡೂ ಒಂದೇ ರೀತಿ ಗಟ್ಟಿ ಎಂದು ಭಾವಿಸಬಾರದು. ಜುಟ್ಟು ದಟ್ಟವಾಗಿರುವ ಸಿಲ್ಕಿಗಳಲ್ಲಿ ಅನೇಕಕ್ಕೆ ತಲೆಬುರುಡೆಯ ಮೇಲ್ಭಾಗ ಉಬ್ಬಿಕೊಂಡಿದ್ದು, ಅಲ್ಲಿ ಮೂಳೆ ಪೂರ್ತಿ ಕೂಡಿರುವುದಿಲ್ಲ. ಬೇರೆ ಕೋಳಿಗೆ ಪುಕ್ಕ ಉದುರಿಸುವಷ್ಟರ ಒಂದು ಕುಕ್ಕು ಅದರ ಮಿದುಳಿಗೇ ತಾಗಬಹುದು. ಮುಖದ ಮೇಲೆ ಬಿದ್ದ ಪುಕ್ಕದಿಂದಾಗಿ ಮೇಲಿನಿಂದ, ಪಕ್ಕದಿಂದ ಬರುವುದು ಅದಕ್ಕೆ ಕಾಣುವುದೂ ಇಲ್ಲ. ಸಿಲ್ಕಿಯನ್ನು ಶಾಂತ ಸ್ವಭಾವದ ದೊಡ್ಡ ಹೇಂಟೆಗಳ ಜೊತೆಗೆ ಮಾತ್ರ ಬಿಡಬೇಕು, ಕಣ್ಣಿನ ಸುತ್ತಲಿನ ಪುಕ್ಕವನ್ನು ಕತ್ತರಿಯಿಂದ ಸ್ವಲ್ಪ ಚಿಕ್ಕದು ಮಾಡಬೇಕು. ಅಸೀಲ್‌ನಂಥ ಕಾಳಗದ ತಳಿಯ ಜೊತೆಗೆ ಯಾವ ಬ್ಯಾಂಟಮನ್ನೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ತಳಿಯಲ್ಲಿ ಹೇಂಟೆಗಳೂ ಸೋತದ್ದನ್ನು ಬಿಟ್ಟು ಹೋಗುವುದಿಲ್ಲ.

ಹುಂಜದ ವಿಷಯದಲ್ಲಿ ರಾಜಿಯೇ ಸಲ್ಲದು. ಗಿರಿರಾಜ ಹುಂಜ ಬ್ಯಾಂಟಮ್ ಹೇಂಟೆಯ ಮೇಲೇರಿದರೆ ಬೆನ್ನಿನ ಪುಕ್ಕ ಕಿತ್ತುಬರುತ್ತದೆ, ಕಾಲಿನ ಮುಳ್ಳು ಪಕ್ಕೆಯನ್ನು ಸೀಳುತ್ತದೆ, ಕಾಲು ಉಳುಕಿ ಕೂತುಬಿಡುವುದೂ ಉಂಟು. ದೊಡ್ಡ ಹುಂಜದಿಂದ ಗರ್ಭ ಕಟ್ಟಿದರೆ ಮೊಟ್ಟೆ ದೊಡ್ಡದಾಗಿ ಹೇಂಟೆಯ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ ಎಂಬ ಮಾತು ಕೇಳಿಬರುತ್ತದೆ, ಅದು ಮಾತ್ರ ಸರಿಯಲ್ಲ. ಮೊಟ್ಟೆಯ ಗಾತ್ರವನ್ನು ತೀರ್ಮಾನಿಸುವುದು ಹೇಂಟೆ. ಮರಿ ಆ ಚಿಪ್ಪಿನೊಳಗೆ ಹಿಡಿಸುವಷ್ಟೇ ಬೆಳೆದು ಹೊರಬರುತ್ತದೆ. ಅಪಾಯವಿರುವುದು ಭಾರದಲ್ಲಿ. ಹೀಗಾಗಿ ಎರಡೂ ಬಗೆಯ ಹೇಂಟೆಗಳಿರುವ ಹಿತ್ತಿಲಲ್ಲಿ ದೊಡ್ಡ ಹುಂಜವನ್ನು ಸದಾ ಬಿಟ್ಟಿರದೆ, ಮರಿ ಮಾಡಿಸಬೇಕಾದಾಗ ಅದನ್ನು ತನ್ನ ಹೇಂಟೆಗಳ ಜೊತೆ ಬೇರೆ ಕೂಡುವುದು ಸೂಕ್ತ. ಬ್ಯಾಂಟಮ್ ಹುಂಜವಂತೂ ತನ್ನ ಗಾತ್ರದ ಅರಿವಿಲ್ಲದಂತೆ ದೊಡ್ಡದರ ಮೇಲೆ ಏರಿಹೋಗುತ್ತದೆ, ಸೋತರೂ ಹಿಂದೆಗೆಯುವುದಿಲ್ಲ. ಇಬ್ಬರಲ್ಲಿ ಒಬ್ಬರೇ ಹಿತ್ತಿಲಲ್ಲಿ ಇರಬೇಕು ಎಂದಾದರೆ ನಾನು ಬ್ಯಾಂಟಮ್ ಹುಂಜವನ್ನೇ ಇಟ್ಟುಕೊಳ್ಳುತ್ತೇನೆ. ಅದರಿಂದ ದೊಡ್ಡ ಹೇಂಟೆಗಳಿಗೆ ಹಾನಿಯಿಲ್ಲ, ಮತ್ತು ಆಕಾಶದಲ್ಲಿ ಹದ್ದಿನ ನೆರಳು ಕಂಡ ಕೂಡಲೇ ಎಲ್ಲಕ್ಕಿಂತ ಮೊದಲು ಕೂಗಿ ಎಚ್ಚರಿಸುವುದು ಅದೇ.

ಈಗ ಆರಂಭದಲ್ಲಿ ಹೇಳಿದ ಕೆಲಸಕ್ಕೆ ಬರುತ್ತೇನೆ. ಗಿರಿರಾಜ ಹೇಂಟೆ ಕಾವಿಗೆ ಕೂರುವುದಿಲ್ಲವೆಂದೇ ಹೇಳಬಹುದು. ಹೆಚ್ಚು ಮೊಟ್ಟೆಗಾಗಿ ಆಯ್ದ ಕೋಳಿಗಳಲ್ಲಿ ಆ ಗುಣ ಕಳೆದುಹೋಗುವುದು ಸ್ವಾಭಾವಿಕ, ಏಕೆಂದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಸಿಲ್ಕಿಯದು ಇದಕ್ಕೆ ಪೂರ್ತಿ ವಿರುದ್ಧ. ನಾಲ್ಕು ಮೊಟ್ಟೆ ಕಂಡರೆ ಸಾಕು, ಕೆಲವೊಮ್ಮೆ ಮೊಟ್ಟೆಯೇ ಇಲ್ಲದಿದ್ದರೂ, ಕಾವಿಗೆ ಕೂತುಬಿಡುತ್ತದೆ. ಯುರೋಪಿನಲ್ಲಿ ಬೇಟೆಯ ಪಕ್ಷಿಗಳಾದ ಫೆಸೆಂಟ್‌ಗಳ ಮೊಟ್ಟೆಗಳನ್ನು ಮರಿ ಮಾಡಿಸಲು ಸಿಲ್ಕಿ ಮತ್ತು ಅದರ ಮಿಶ್ರತಳಿಗಳನ್ನು ಬಹಳ ಕಾಲದಿಂದ ಬಳಸುತ್ತಾ ಬಂದಿರುವುದು ಇದೇ ಕಾರಣಕ್ಕೆ. ವಿದ್ಯುತ್ ನೆಚ್ಚಿಕೊಳ್ಳಲಾಗದ ಮಲೆನಾಡಿನ ಮಳೆಗಾಲದಲ್ಲಿ ಇನ್‌ಕ್ಯುಬೇಟರ್‌ಗಿಂತ ಕಾವಿಗೆ ಕೂತ ಬ್ಯಾಂಟಮ್ಮೇ ನಂಬಿಗಸ್ತ.

ಗಿರಿರಾಜ ಮೊಟ್ಟೆಗಳನ್ನು ಬ್ಯಾಂಟಮ್ ಅಡಿಯಲ್ಲಿ ಇಡುವಾಗ ಐದೋ ಆರೋ ಸಾಕು. ಹೇಂಟೆ ಕೂತ ಮೇಲೆ ಪಕ್ಕದಿಂದ ನೋಡಿದರೆ ಯಾವ ಮೊಟ್ಟೆಯೂ ಹೊರಗೆ ಕಾಣಬಾರದು, ಅದೇ ಅಳತೆ. ಹೆಚ್ಚಿಟ್ಟರೆ ಅದು ದಿನವೂ ಮೊಟ್ಟೆಗಳನ್ನು ಒಳಗೆ ಹೊರಗೆ ಸರಿಸುತ್ತಲೇ ಇರುವುದರಿಂದ ಸರದಿಯ ಮೇಲೆ ಎಲ್ಲವೂ ತಣ್ಣಗಾಗಿ, ಒಂದೂ ಒಡೆಯದೆ ಹೋಗಬಹುದು. ಸಂಜೆ ಕತ್ತಲಾಗುವ ಹೊತ್ತಿಗೆ ನಾವು ಮೊಟ್ಟೆಗಳನ್ನು ಬುಟ್ಟಿಯಲ್ಲಿ ಇಡುವುದು ಒಳ್ಳೆಯದು. ಹೇಂಟೆ ಎದ್ದು ನಿಂತು, ಕೊಕ್ಕಿನ ಕೆಳಭಾಗವನ್ನು ಮೊಟ್ಟೆಯ ಆಚೆ ಬದಿಗೆ ಚಾಚಿ, ತನ್ನ ಎದೆಯ ಕಡೆಗೆ ಮೆಲ್ಲಗೆ ಉರುಳಿಸಿಕೊಳ್ಳುತ್ತದೆ. ಎಲ್ಲವನ್ನೂ ಎಳೆದುಕೊಂಡ ಮೇಲೆ ರೆಕ್ಕೆಗಳನ್ನು ಸ್ವಲ್ಪ ಬಿಡಿಸಿ, ಅತ್ತಿತ್ತ ಅಲುಗಾಡಿ, ಹೊಟ್ಟೆಯ ಬರಿಯ ಚರ್ಮ ಮೊಟ್ಟೆಗಳಿಗೆ ತಾಗುವಂತೆ ಕೂರುತ್ತದೆ. ಚಿಪ್ಪಿನ ಮೇಲೆ ಇದ್ದಿಲಿನಿಂದ ಗುರುತು ಹಾಕಿಟ್ಟರೆ, ಬೇರೆ ಹೇಂಟೆ ಬಂದು ಹೊಸ ಮೊಟ್ಟೆ ಇಟ್ಟುಹೋದದ್ದು ತಿಳಿಯುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರನ್ನೂ ಇಡುತ್ತಾರೆ. ಆ ನಂಬಿಕೆಯ ಹಿಂದೆ ಕಾರಣ ಏನೇ ಇರಲಿ, ಕಾವಿನ ಬುಟ್ಟಿಯನ್ನು ಬೇರೆ ಕೋಳಿಗಳಿಂದ ದೂರ, ಕತ್ತಲೆಯ ಮೂಲೆಯಲ್ಲಿ ಇಡಬೇಕೆಂಬ ಅವರ ಇನ್ನೊಂದು ಮಾತನ್ನು ನಾನು ಅಕ್ಷರಶಃ ಪಾಲಿಸುತ್ತೇನೆ. ದೊಡ್ಡ ಹೇಂಟೆ ಅದೇ ಬುಟ್ಟಿಗೆ ನುಗ್ಗಿ ಮೊಟ್ಟೆ ಇಡಲು ಹೊರಟರೆ ಅಡಿಯಲ್ಲಿರುವ ಮೊಟ್ಟೆಗಳೂ ಒಡೆಯುತ್ತವೆ, ಬ್ಯಾಂಟಮ್ಮೂ ಅಪ್ಪಚ್ಚಿಯಾಗುತ್ತದೆ.

ವಾರ ಕಳೆದ ಮೇಲೆ ರಾತ್ರಿ ಟಾರ್ಚ್ ಬೆಳಕಿಗೆ ಹಿಡಿದರೆ ಮರಿ ಕಟ್ಟಿದ ಮೊಟ್ಟೆಯಲ್ಲಿ ಕೆಂಪು ನರಗಳು ಹರಡಿರುವುದು ಕಾಣುತ್ತದೆ, ತಿಳಿಯಾಗಿರುವುದನ್ನು ತೆಗೆದುಬಿಡಬೇಕು. ಗಿರಿರಾಜ ಮೊಟ್ಟೆಗೆ ಇಪ್ಪತ್ತೊಂದು ದಿನ. ಬ್ಯಾಂಟಮ್‌ನ ಸ್ವಂತ ಮೊಟ್ಟೆಗಳು ಅನೇಕ ವೇಳೆ ಒಂದೆರಡು ದಿನ ಮೊದಲೇ ಒಡೆಯುತ್ತವೆ, ಆದ್ದರಿಂದ ಎರಡನ್ನೂ ಬೆರೆಸಿ ಇಡಬಾರದು. ಮೊದಲು ಒಡೆದ ಮರಿಗಳ ಹಿಂದೆ ತಾಯಿ ಎದ್ದುಹೋದರೆ ಉಳಿದ ಮೊಟ್ಟೆಗಳು ಕೊನೆಯ ಗಳಿಗೆಯಲ್ಲಿ ತಣ್ಣಗಾಗುತ್ತವೆ. ಗಿರಿರಾಜ ಮಿಶ್ರತಳಿಯಾದ್ದರಿಂದ ಅದರ ಮೊಟ್ಟೆಯಿಂದ ಬಂದ ಮರಿಗಳಲ್ಲಿ ತಂದೆತಾಯಿಯ ಬೆಳವಣಿಗೆ, ಮೊಟ್ಟೆಯ ಸಂಖ್ಯೆ ಸಮನಾಗಿ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಮನೆಬಳಕೆಗೆ ಅದರಿಂದ ದೊಡ್ಡ ನಷ್ಟವೇನಿಲ್ಲ.

ಮರಿಗಳು ತಾಯಿಯ ಹಿಂದೆ ಓಡಾಡತೊಡಗಿದ ಮೇಲಿನ ವಾರಗಳು ನನಗೆ ಅತ್ಯಂತ ಪ್ರಿಯವಾದವು. ಗಿರಿರಾಜದ ಹೂಮರಿಗಳು ಬಲುಬೇಗ ಬೆಳೆಯುತ್ತವೆ. ತಿಂಗಳು ತುಂಬುವಾಗಲೇ ತಾಯಿಯ ಅಡಿಯಲ್ಲಿ ಎಲ್ಲಕ್ಕೂ ಜಾಗ ಸಾಲದು, ಒಂದೂವರೆ ತಿಂಗಳ ಹೊತ್ತಿಗೆ ತಾಯಿಯಷ್ಟೇ ದಪ್ಪವಾಗಿರುತ್ತವೆ. ಆದರೂ ಮಳೆ ಹನಿಯತೊಡಗಿದರೆ ಅವು ತಲೆಯನ್ನಷ್ಟೇ ಅದರ ರೆಕ್ಕೆಯಡಿಗೆ ತೂರಿಸಿ ನಿಲ್ಲುತ್ತವೆ, ಸಿಲ್ಕಿಯೂ ನೆಲದಿಂದ ಮೇಲೆತ್ತಿದಂತಾಗಿ, ಕಾಲು ಊರಲಾಗದೆ ತೂಗಾಡುತ್ತಾ ರೆಕ್ಕೆ ಅಗಲಿಸಿಯೇ ಇರುತ್ತದೆ. ತಾಯಿ ಬ್ಯಾಂಟಮ್ ಜೊತೆಗೆ ಬೆಳೆದ ಈ ದೊಡ್ಡ ಕೋಳಿಗಳು ಮುಂದೆ ಬ್ಯಾಂಟಮ್‌ಗಳನ್ನು ಕುಕ್ಕುವುದು ಬಹಳ ಕಡಿಮೆ. ಇದು ಅವುಗಳನ್ನು ಒಟ್ಟಿಗೆ ಸಾಕುವುದರಿಂದ ಸಿಗುವ ದೊಡ್ಡ ಅನುಕೂಲ.

ತಾಯಿಯಿಲ್ಲದೆ ಬಲ್ಬಿನ ಕಾವಿನಲ್ಲಿ ಎರಡೂ ಬಗೆಯ ಮರಿಗಳನ್ನು ಸಾಕುವವರು ಅವನ್ನು ಮೊದಲ ಕೆಲವು ವಾರ ಬೇರೆಬೇರೆ ಪೆಟ್ಟಿಗೆಯಲ್ಲಿಡಬೇಕು. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು, ಆಮೇಲೆ ವಾರವಾರವೂ ಇಳಿಸುತ್ತಾ ಬರಬಹುದು. ಬ್ಯಾಂಟಮ್ ಮರಿಯ ಮೈ ಚಿಕ್ಕದಾದ್ದರಿಂದ ಬೇಗ ತಣ್ಣಗಾಗುತ್ತದೆ, ಅದಕ್ಕೆ ಇಳಿಕೆ ನಿಧಾನವಾಗಿರಬೇಕು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹಾಕಿಟ್ಟರೆ ಬೆರಳುಗಾತ್ರದ ಮರಿಗಳು ಮುಳುಗುವುದಿಲ್ಲ.

ಚಾಬೊಗಳನ್ನು ಮರಿ ಮಾಡಿಸುವವರಿಗೆ ಒಂದು ಮಾತು. ಅವುಗಳ ಗಿಡ್ಡ ಕಾಲಿಗೆ ಕಾರಣವಾದ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದರೆ ಮರಿ ಚಿಪ್ಪಿನೊಳಗೇ ಸಾಯುತ್ತದೆ. ಗಿಡ್ಡ ಕಾಲಿನ ಜೋಡಿಯ ಮೊಟ್ಟೆಗಳಲ್ಲಿ ಸುಮಾರು ಕಾಲುಭಾಗ ಹೀಗೆ ಹೋಗುತ್ತವೆ, ಅರ್ಧದಷ್ಟು ಗಿಡ್ಡ, ಉಳಿದ ಕಾಲುಭಾಗ ಉದ್ದ ಕಾಲಿನವು. ಇದನ್ನು ತಿಳಿಯದೆ ಹೇಂಟೆ ಸರಿಯಾಗಿ ಕಾವು ಕೊಡಲಿಲ್ಲವೆಂದು ದೂರುವವರಿದ್ದಾರೆ. ಉದ್ದ ಕಾಲಿನ ಚಾಬೊ ಹುಂಜವನ್ನು ಗಿಡ್ಡ ಹೇಂಟೆಗೆ ಜೋಡಿಸಿದರೆ ಈ ನಷ್ಟವಿಲ್ಲ, ಮರಿಗಳಲ್ಲಿ ಅರ್ಧ ಗಿಡ್ಡವೇ ಬರುತ್ತವೆ.

ಮಳೆಗಾಲದಲ್ಲಿ ಸಿಲ್ಕಿಯ ಪುಕ್ಕ ನೀರನ್ನು ಜಾರಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಸೂರಿನಡಿಯಲ್ಲೇ ಇರಬೇಕು, ನೆನೆದರೆ ಬಟ್ಟೆಯಲ್ಲಿ ಒರೆಸಿ ಒಲೆಯ ಬದಿಯಲ್ಲಿ ಒಣಗಿಸಬೇಕು. ಒದ್ದೆ ನೆಲದ ಕಾಲದಲ್ಲಿ ಬೂದಿ ಬೆರೆಸಿದ ಒಣ ಮಣ್ಣನ್ನು ಒಂದು ಅಗಲ ಬಾಣಲೆಯಲ್ಲಿಟ್ಟರೆ ಚಿಕ್ಕವೂ ದೊಡ್ಡವೂ ಅದರಲ್ಲೇ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ. ಬೇಸಿಗೆಯಲ್ಲಿ ಕಷ್ಟಪಡುವುದು ದೊಡ್ಡವು. ಬಾಯಿ ತೆರೆದು ಏದುಸಿರು ಬಿಡುವ ಗಿರಿರಾಜಗಳಿಗೆ ನೆರಳು ಮತ್ತು ತಣ್ಣೀರಿನ ಕಡೆ ಗಮನ ಕೊಡಬೇಕು.

ಮುಂಗುಸಿ, ಕಬ್ಬೆಕ್ಕು, ಬೀದಿನಾಯಿ ಇವುಗಳ ಭಯ ಎರಡಕ್ಕೂ ಇದೆ. ಹದ್ದು ಮತ್ತು ಕಾಡುಬೆಕ್ಕು ಸುಲಭವಾಗಿ ಎತ್ತಿಕೊಂಡು ಹೋಗುವುದು ಬ್ಯಾಂಟಮನ್ನು, ಕೆಂಬೂತ ಮತ್ತು ಕಾಗೆ ಮರಿಗಳನ್ನು. ಒಡ್ಡಿಯ ಜಾಲರಿಯ ಕಣ್ಣು ಅರ್ಧ ಅಂಗುಲಕ್ಕಿಂತ ದೊಡ್ಡದಿರಬಾರದು. ದೊಡ್ಡ ಕೋಳಿಗೆಂದು ಹಾಕಿದ ಎರಡಂಗುಲದ ಜಾಲರಿಯಲ್ಲಿ ಬ್ಯಾಂಟಮ್ ಮರಿ ಹೊರಗೆ ಹೋಗುತ್ತದೆ, ಹಾವು ಒಳಗೆ ಬರುತ್ತದೆ. ಜಾಲರಿಯ ಬುಡವನ್ನು ಒಂದಡಿ ಆಳಕ್ಕೆ ಹೂತು, ಮೇಲೆ ಕಲ್ಲು ಹೇರಿ, ಸಂಜೆ ಎಲ್ಲವೂ ಗಳವೇರಿದ ಮೇಲೆ ಚಿಕ್ಕವನ್ನು ಮೊದಲು ಎಣಿಸಿ ಬಾಗಿಲು ಹಾಕಬೇಕು, ಏಕೆಂದರೆ ದೊಡ್ಡದು ಬಾರದಿದ್ದರೆ ತಕ್ಷಣ ಗೊತ್ತಾಗುತ್ತದೆ, ಚಿಕ್ಕದು ಹೊರಗುಳಿದದ್ದು ಗೊತ್ತಾಗುವುದಿಲ್ಲ.